ಮೀಟರ್ ಸುಳ್ಳಂತೆ, ಬಲ್ಬ್ ಸುಟ್ಟಿದ್ದು ಮಾತ್ರ ಖರೆ

"ಮೇಡಂ, ನಿಮ್ಮ ಗಾಡಿ ಛಲೋ ಅದ. ಮೀಟರ್ ಸುಳ್ಳ ತೋರ್ಸಾಕತ್ತದ. ಅದನ್ನ ನೋಡಬ್ಯಾಡ್ರಿ, ರಸ್ತಾ ನೋಡ್ಕೋತ ಹೋಗ್ರಿ."

ಯಾದಗಿರಿಯ ಒಂದು ಬೈಕ್ ಸರ್ವಿಸ್ ಸೆಂಟರಿನ ಸೂಪರ್‌ವೈಸರ್ ಹೀಗೆ ಹೇಳಿ ನಕ್ಕ. ನಾನೂ ನಕ್ಕೆ. ಈಗ ಆ ನಗು ನೆನಪಾದರೆ ಮೈ ಉರಿಯುತ್ತದೆ. ಈ ವಾರ ಬೇರೆ ಏನೋ ಬರೆಯಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಸಿಟ್ಟು ಇಳಿಯದೆ ಬೇರೆ ವಿಷಯ ಕೈಗೆ ಹತ್ತುವುದಿಲ್ಲ.

ನಾನು ಬೈಕ್ ಓಡಿಸುವವಳು ಅಂತ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳುತ್ತೇನೆ. ಶಹಾಪುರದಲ್ಲಿ ಮನೆ. ಸುರಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮ ಕಡೆಯ ಎರೆಮಣ್ಣು ಒಂದು ಮಳೆ ಬಿದ್ದರೆ ಸ್ಕೂಟರಿನ ಸಣ್ಣ ಗಾಲಿಯನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಅದಕ್ಕೇ ಬೈಕು. (ಹೆಣ್ಣುಮಗಳಿಗೆ ಬೈಕು ಯಾಕೆ ಅಂತ ಕೇಳಿದವರನ್ನು ಒಂದು ಸಲ ಆ ರಸ್ತೆಯಲ್ಲಿ ಹಿಂದೆ ಕೂರಿಸಿಕೊಂಡು ಹೋದೆ. ಆಮೇಲೆ ಅವರು ಕೇಳಲಿಲ್ಲ.)

ನನ್ನ ಬೈಕಿನ ಡಿಜಿಟಲ್ ಮೀಟರಿನಲ್ಲಿ ಸ್ಪೀಡು, ಪೆಟ್ರೋಲು, ಟೈಮಿನ ಜೊತೆ ಬ್ಯಾಟರಿ ವೋಲ್ಟೇಜ್ ಕೂಡ ತೋರಿಸುತ್ತದೆ. ಮೂಲೆಯಲ್ಲಿ ಪುಟ್ಟ ಅಂಕಿ. ಎಂಜಿನ್ ಓಡುವಾಗ ಅದೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ, ಆಗ ಆ ಅಂಕಿ ಹದಿನಾಲ್ಕರ ಆಸುಪಾಸು ಇದ್ದರೆ ಎಲ್ಲ ಸರಿ. ಬಹಳ ಕಮ್ಮಿಯಾದರೆ ಬ್ಯಾಟರಿ ಖಾಲಿಯಾಗುತ್ತದೆ. ಬಹಳ ಜಾಸ್ತಿಯಾದರೆ ಬ್ಯಾಟರಿ ಕುದಿಯುತ್ತದೆ, ಬಲ್ಬು ಸುಡುತ್ತದೆ. ಇದೇನು ರಾಕೆಟ್ ವಿಜ್ಞಾನವಲ್ಲ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಅನ್ನುವಷ್ಟೇ ಸರಳ.

ದಸರಾ ರಜೆ ಮುಗಿದ ಮೇಲೆ ನನ್ನ ಮೀಟರಿನ ಆ ಅಂಕಿ ಹದಿನೈದು ದಾಟತೊಡಗಿತು. ಆಕ್ಸಿಲರೇಟರ್ ತಿರುವಿದರೆ 15.4. ಅದೇ ವಾರ ಹೆಡ್‌ಲೈಟ್ ಬಲ್ಬ್ ಹೋಯಿತು.

ಯಾದಗಿರಿಗೆ ಹೋದೆ. ಸೂಪರ್‌ವೈಸರ್ ಬಲ್ಬ್ ಹಾಕಿಸಿದ. "ವೋಲ್ಟೇಜ್ ಜಾಸ್ತಿ ತೋರಿಸ್ತಾ ಇದೆ, ಸ್ವಲ್ಪ ನೋಡ್ರಿ" ಅಂದೆ. ಮೇಲೆ ಬರೆದ ಅಮೂಲ್ಯ ವಚನ ಆಗ ಬಂತು. ಅದರ ಹಿಂದೆಯೇ ಇನ್ನೊಂದು: "ಸರ್ ಬಂದಿಲ್ಲೇನ್ರಿ? ಅವರ ಮುಂದ ಹೇಳಿದ್ರ ಅವರಿಗೆ ತಿಳಿತಿತ್ತು."

ಸರ್ ಅಂದರೆ ನನ್ನ ಗಂಡ. ಶಹಾಪುರದಲ್ಲಿ ಅವರದು ಬಟ್ಟೆ ಅಂಗಡಿ. ಕಣ್ಣು ಮುಚ್ಚಿ ಬಟ್ಟೆ ಮುಟ್ಟಿದರೂ ಹತ್ತಿಯೋ ಪಾಲಿಸ್ಟರೋ ಹೇಳಿಬಿಡುತ್ತಾರೆ. ಬೈಕಿನ ಬ್ಯಾಟರಿ ಎಲ್ಲಿದೆ ಅಂತ ಕೇಳಿದರೆ ಮಾತ್ರ ಪೆಟ್ರೋಲ್ ಟ್ಯಾಂಕ್ ತೋರಿಸುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಹೇಳಿ ತಿಳಿಯುವುದೇನು?

ಎರಡನೇ ಸಲ ಹೋದದ್ದು ವಾಸನೆಗೆ. ಶಾಲೆ ಮುಂದೆ ಗಾಡಿ ನಿಲ್ಲಿಸಿದರೆ ಸೀಟಿನ ಕೆಳಗಿಂದ ಕೊಳೆತ ತತ್ತಿಯ ವಾಸನೆ. ಬ್ಯಾಟರಿ ಮುಟ್ಟಿದರೆ ಬಿಸಿ ಬಿಸಿ, ಪಕ್ಕೆ ಉಬ್ಬಿತ್ತು. ಈ ಸಲ ಸೂಪರ್‌ವೈಸರ್ ಬ್ಯಾಟರಿಯನ್ನೇ ಬದಲಿಸಿದ. "ಬ್ಯಾಟರಿ ಖರಾಬ್ ಬಂದಿತ್ರಿ, ಕೆಲವೊಂದು ಹಂಗ ಬರ್ತಾವ."

"ಬ್ಯಾಟರಿ ಯಾಕೆ ಉಬ್ಬಿತು? ಚಾರ್ಜಿಂಗ್ ಜಾಸ್ತಿ ಆಗಿ ಉಬ್ಬಿರಬೇಕಲ್ಲ? ಮಲ್ಟಿಮೀಟರ್ ಹಚ್ಚಿ ಒಂದು ಸಲ ನೋಡ್ರಿ" ಅಂದೆ. ಮಲ್ಟಿಮೀಟರ್ ಅಂದರೆ ವೋಲ್ಟೇಜ್ ಅಳೆಯುವ ಕೈ ಅಗಲದ ಡಬ್ಬಿ, ಎರಡು ವೈರು. ಅದು ಅವನ ಹಿಂದಿನ ಗೋಡೆಗೇ ನೇತಾಡುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ ಕೂಡ.

ಅವನು ಏನು ಮಾಡಿದ ಗೊತ್ತೇ? ಡ್ರಾಯರ್ ಎಳೆದು ಕರೀ ಟೇಪ್ ತೆಗೆದ. ಬೆರಳುಗುರಿನಷ್ಟು ತುಂಡು ಹರಿದ. ನನ್ನ ಮೀಟರಿನ ಮೂಲೆಯಲ್ಲಿ, ಸರಿಯಾಗಿ ಆ ಅಂಕಿಯ ಮೇಲೆ ಅಂಟಿಸಿದ.

"ಈಗ ಕಾಣಂಗಿಲ್ಲ ಬಿಡ್ರಿ. ನಿಮಗೂ ಟೆನ್ಶನ್ ಇಲ್ಲ, ನಮಗೂ ಇಲ್ಲ."

ಅಲ್ಲಿ ನಿಂತಿದ್ದ ನಾಲ್ಕಾರು ಗಂಡಸರು ನಕ್ಕರು. ನನಗೆ ಮೈಯೆಲ್ಲ ಉರಿದರೂ ಶಾಲೆಗೆ ಹೊತ್ತಾಗುತ್ತಿತ್ತು. ಟೇಪನ್ನು ಗೇಟಿನಲ್ಲೇ ಕಿತ್ತು ಎಸೆದೆ. ಹೊಸ ಬ್ಯಾಟರಿ ಹಾಕಿದ್ದಾರೆ, ಇನ್ನು ಸರಿಹೋಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಭೀಮಾ ನದಿಯ ಸೇತುವೆ ದಾಟುವಾಗ ಅಂಕಿ ಮತ್ತೆ 15.4.

ಈಗ ನಮ್ಮ ಅತ್ತೆಯ ಬಗ್ಗೆ ಹೇಳಬೇಕು.

ಅತ್ತೆ ಕೌದಿ ಹೊಲಿಯುವವರು. ಹಳೆಯ ಸೀರೆ, ಧೋತರ, ಮಗನ ಅಂಗಡಿಯಲ್ಲಿ ಉಳಿದ ತುಂಡು, ಎಲ್ಲ ಸೇರಿಸಿ ಅವರು ಹಾಕುವ ಹೊಲಿಗೆ ನೋಡಿದರೆ ಇರುವೆ ಸಾಲು ಹೊರಟಂತೆ ಇರುತ್ತದೆ. ಹೊಲಿಗೆ ಯಂತ್ರ ಕೊಡಿಸುತ್ತೇನೆ ಅಂದರೆ ಬೈಯುತ್ತಾರೆ. "ಮಷೀನ್ ಹೊಲದದ್ದು ಹೊದ್ದರ ಚಳಿ ಹೋಗ್ತದ, ನಿದ್ದಿ ಬರಂಗಿಲ್ಲ" ಅನ್ನುವುದು ಅವರ ವಾದ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಅವರದೇ ಕೌದಿ. ಮತ್ತು ನನ್ನ ಬೈಕಿನ ಹಿಂದಿನ ಸೀಟಿಗೆ ಅವರೇ ಕಾಯಂ ಗಿರಾಕಿ. ಬಸ್ಸೆಂದರೆ ಆಗುವುದಿಲ್ಲ. ಸೊಸೆಯ ಗಾಡಿಯಾದರೆ ಸೆರಗು ತಲೆಗೆ ಬಿಗಿದು, ಹೆಗಲ ಮೇಲೆ ಕೈಯಿಟ್ಟು, ದಾರಿಯುದ್ದಕ್ಕೂ ಯಾರ ಹೊಲದಲ್ಲಿ ತೊಗರಿ ಎಷ್ಟು ಬಂದಿದೆ ಅಂತ ವರದಿ ಕೊಡುತ್ತಾ ಬರುತ್ತಾರೆ.

ಅವತ್ತು ಭಾನುವಾರ. ಸುರಪುರದಲ್ಲಿ ಅವರ ತಂಗಿಯ ಮೊಮ್ಮಗಳು ಹಡೆದಿದ್ದಳು. ಕೌದಿ ಕೊಟ್ಟು, ಕೂಸು ನೋಡಿ, ಬಾಣಂತಿಗೆ ಬುದ್ಧಿ ಹೇಳಿ ಹೊರಡುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ಬೇಕಾದ್ದಕ್ಕಿಂತ ಚೆನ್ನಾಗಿ.

"ನಿನ್ನ ಗಾಡಿ ಲೈಟ್ ಇವತ್ತ ಭಾಳ ಬೆಳ್ಳಗ ಬಿದ್ದದಲಾ" ಅಂದರು ಅತ್ತೆ.

ಅವರು ಹಾಗೆ ಅಂದ ಸ್ವಲ್ಪ ಹೊತ್ತಿಗೇ ಲೈಟು ಪಟ್ ಅಂತ ಹೋಯಿತು.

ಮಸುಕು ಬೆಳಕಿನಲ್ಲಿ ಬರಿಗಣ್ಣಿಗೆ ದಾರಿ ಕಾಣುತ್ತದೆ. ಆದರೆ ಬಿಳಿ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ತಕ್ಷಣ ಏನೂ ಕಾಣುವುದಿಲ್ಲ. ಮುಂದೆ ರಸ್ತೆಯ ಮೇಲೇ ಹತ್ತಿ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಹಿಂದೆ ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿ ಇಲ್ಲ. (ಅದರ ಬಗ್ಗೆ ಬರೆದರೆ ಅದೇ ಇನ್ನೊಂದು ಅಂಕಣ.) ಬ್ರೇಕ್ ಒತ್ತಿದೆ, ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಟ್ರ್ಯಾಕ್ಟರಿನ ಮೂಲೆ ನನ್ನ ಬಲಮೊಣಕೈ ಸವರಿಕೊಂಡು ಹೋಯಿತು. ಗಾಡಿ ರಸ್ತೆ ಬಿಟ್ಟು ಇಳಿಯಿತು, ಕಲ್ಲಿನ ಗುಡ್ಡೆಗೆ ಬಡಿದು ಮಗುಚಿತು.

ನಾನು ಎದ್ದೆ. ಅತ್ತೆ ಏಳಲಿಲ್ಲ.

"ಅತ್ತಿ! ಅತ್ತಿ!"

"ಕೂಗಬ್ಯಾಡ, ಇದ್ದೀನಿ" ಅಂತ ಕತ್ತಲೊಳಗಿಂದ ದನಿ ಬಂತು. "ಕೈ ಎತ್ತಾಕ ಬರವಲ್ದು ನೋಡು."

ಮೊಬೈಲ್ ಬೆಳಕು ಹಿಡಿದೆ. ಬಲಗೈ ಮಣಿಕಟ್ಟು ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಪಕ್ಕದಲ್ಲೇ ಕೂತು ಆ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅಳು ಬರಲಿಲ್ಲ. ಟ್ರ್ಯಾಕ್ಟರಿನವರು ಓಡಿ ಬಂದರು. ಅವರೇ ದಾರಿಯಲ್ಲಿ ಬರುತ್ತಿದ್ದ ಜೀಪ್ ನಿಲ್ಲಿಸಿ ಹತ್ತಿಸಿದರು. ಶಹಾಪುರದ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿದೆ ಅಂತ ಹೇಳಿ, ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿದರು. ಎಳೆಯುವಾಗಲೂ ಅತ್ತೆ ಬಾಯಿ ಬಿಡಲಿಲ್ಲ. ಡಾಕ್ಟರ್ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ನೀ ಅವರಿಗಿ ಹೇಳಿದ್ದಿ ಅಲಾ? ಎರಡ ಸಲ ಹೇಳಿದ್ದಿ ಅಲಾ?"

"ಹೇಳಿದ್ದೆ ಅತ್ತಿ."

"ಹಂಗಾರ ನೀ ಯಾಕ ಅಳ್ತಿ?"

ಆಗಲೇ ನನಗೆ ಗೊತ್ತಾದದ್ದು, ನಾನು ಅಳುತ್ತಿದ್ದೆ.

ಮರುದಿನ ಶಾಲೆಗೆ ರಜೆ ಹಾಕಿದರೂ ಶಾಲೆಗೆ ಹೋದೆ. ಲ್ಯಾಬಿನ ಮಲ್ಟಿಮೀಟರ್ ತರಲು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಟಾರ್ಚಿನ ಸೆಲ್ಲು ಅಳೆಯಲು ಅದರಲ್ಲೇ ಕಲಿಸುತ್ತೇನೆ. ಹೆಡ್‌ಮಾಸ್ಟರ್ "ಯಾಕ ಬೇಕಿತ್ರಿ?" ಅಂದರು. "ಒಬ್ಬರಿಗೆ ಪಾಠ ಮಾಡುವುದಿದೆ" ಅಂದೆ.

ಟ್ರ್ಯಾಕ್ಟರಿನವರು ಮನೆಗೆ ತಲುಪಿಸಿದ್ದ ಬೈಕ್ ಅಂಗಳದಲ್ಲಿತ್ತು. ಹ್ಯಾಂಡಲ್ ಸೊಟ್ಟ, ಕನ್ನಡಿ ಪುಡಿ. ಎಂಜಿನ್ ಮಾತ್ರ ಶುರುವಾಗುತ್ತಿತ್ತು. ಅತ್ತೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹೊರಸಿನ ಮೇಲೆ ಕೂತು ನೋಡುತ್ತಿದ್ದರು.

ಇದನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಸೀಟು ಬಿಚ್ಚಿ. ಮಲ್ಟಿಮೀಟರಿನ ಗುಂಡಿಯನ್ನು ಡಿಸಿ ವೋಲ್ಟೇಜಿನ ಇಪ್ಪತ್ತರ ಗೆರೆಗೆ ತಿರುಗಿಸಿ. ಕೆಂಪು ವೈರಿನ ತುದಿ ಬ್ಯಾಟರಿಯ ಪ್ಲಸ್‌ಗೆ, ಕರಿಯದು ಮೈನಸ್‌ಗೆ. ಎರಡು ತುದಿ ಒಂದಕ್ಕೊಂದು ತಾಗಬಾರದು, ಅಷ್ಟೇ ಹುಷಾರು. ಮೊದಲು ಎಂಜಿನ್ ಬಂದ್ ಇದ್ದಾಗ ನೋಡಿ. ಆಮೇಲೆ ಶುರು ಮಾಡಿ ನೋಡಿ. ಆಮೇಲೆ ಲೈಟ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ತಿರುವಿ ನೋಡಿ. ಬಂದ್ ಇದ್ದಾಗ ಹನ್ನೆರಡೂವರೆಗಿಂತ ತುಸು ಮೇಲೆ, ತಿರುವಿದಾಗ ಹದಿನಾಲ್ಕು, ಹದಿನಾಲ್ಕೂವರೆ. ಹೊಸ ಗಾಡಿಗಳಲ್ಲಿ ಬಹುಪಾಲು ಇದೇ ಲೆಕ್ಕ. ನಿಮ್ಮ ಗಾಡಿಯ ಕೈಪಿಡಿಯಲ್ಲೂ ಬರೆದಿರುತ್ತದೆ. ಹದಿನೈದು ದಾಟಿತೋ, ಗಾಡಿ ಹೊರಗೆ ತೆಗೆಯಬೇಡಿ.

ನನ್ನದು ಬಂದ್ ಇದ್ದಾಗ 12.8. ಶುರು ಮಾಡಿದೆ. ಹದಿನಾಲ್ಕು ದಾಟಿತು. ತಿರುವಿದೆ.

15.9.

ಡ್ಯಾಶ್‌ಬೋರ್ಡಿನ ಮೀಟರ್ ನೋಡಿದೆ. 15.4.

ಅರ್ಥವಾಯಿತೇ? ಸೂಪರ್‌ವೈಸರ್ ಹೇಳಿದ್ದು ನಿಜ! ಮೀಟರ್ ಸುಳ್ಳು ಹೇಳುತ್ತಿತ್ತು. ಆದರೆ ಇಲ್ಲದ ರೋಗವನ್ನು ಇದೆ ಅಂತ ಹೇಳುತ್ತಿರಲಿಲ್ಲ. ಇದ್ದ ರೋಗವನ್ನು ಕಮ್ಮಿ ಮಾಡಿ ಹೇಳುತ್ತಿತ್ತು. ಬ್ಯಾಟರಿಯಿಂದ ಮೀಟರಿನವರೆಗೆ ವೈರು, ಸ್ವಿಚ್ಚು, ಜೋಡಣೆ ಎಲ್ಲ ದಾಟಿ ಬರುವಾಗ ಅಷ್ಟಿಷ್ಟು ವೋಲ್ಟೇಜ್ ಸೋರಿಹೋಗುತ್ತದೆ. ಅದಕ್ಕೇ ಮೀಟರ್ ಮೇಲೆ ಅನುಮಾನ ಬಂದರೆ ಬ್ಯಾಟರಿಯ ಮೇಲೇ ಅಳೆಯಬೇಕು. ಅನುಮಾನ ಅಂದರೆ ಪರೀಕ್ಷೆ ಮಾಡು ಅಂತ ಅರ್ಥ. ಮುಚ್ಚಿಬಿಡು ಅಂತ ಯಾವ ಪುಸ್ತಕದಲ್ಲಿದೆ?

"ಏನ್ ಬಂತು?" ಅಂದರು ಅತ್ತೆ.

ಹೇಳಿದೆ. ಅವರು ಹೊರಸಿನಿಂದ ಇಳಿದು, "ನಡಿ, ನಾನೂ ಬರ್ತೀನಿ" ಅಂದರು.

ಗೂಡ್ಸ್ ಗಾಡಿಯಲ್ಲಿ ಬೈಕ್ ಹೇರಿಸಿ ಯಾದಗಿರಿಗೆ ಹೋದೆವು. ಗಂಡನೂ ಅಂಗಡಿ ಮುಚ್ಚಿ ಬಂದರು. ಸೂಪರ್‌ವೈಸರ್‌ಗೆ ಅವರನ್ನು ಕಂಡು ಎಂಥ ಸಂತೋಷ! ನೇರ ಅವರ ಹತ್ತಿರ ಹೋಗಿ ಕೈ ಕುಲುಕಿದ. "ಬರ್ರಿ ಸರ್, ಬರ್ರಿ. ಏನಾಗ್ಯದ ಹೇಳ್ರಿ ಗಾಡಿಗಿ?"

ನನ್ನ ಗಂಡ ಕೈ ಬಿಡಿಸಿಕೊಂಡು, "ಗಾಡಿ ನಂದಲ್ಲ. ಅವರ್ನ ಕೇಳ್ರಿ" ಅಂತ ನನ್ನ ಕಡೆ ತೋರಿಸಿದರು. (ಆ ಒಂದು ಮಾತಿಗೆ ಅವರ ಪೆಟ್ರೋಲ್ ಟ್ಯಾಂಕಿನ ತಪ್ಪನ್ನೆಲ್ಲ ಮನ್ನಿಸಿದ್ದೇನೆ.)

ನಾನು ಹೆಚ್ಚು ಮಾತಾಡಲಿಲ್ಲ. ಸೀಟು ಬಿಚ್ಚಿದೆ. ವೈರು ಹಚ್ಚಿದೆ. ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ತಿರುವಿದೆ. "ಓದ್ರಿ" ಅಂದೆ.

ಅವನು ಓದಲಿಲ್ಲ. "ಮೇಡಂ, ಇದು ಸಾಲಿ ಮೀಟರ್ ಐತಿ. ಹಳೇದು. ಇದ ತಪ್ಪಿರಬಹುದು" ಅಂದ.

ನನಗೆ ಒಂದು ಕ್ಷಣ ನಗಬೇಕೋ ಅವನ ಅಂಗಿ ಹಿಡಿಯಬೇಕೋ ತಿಳಿಯಲಿಲ್ಲ. ಬೈಕಿನ ಮೀಟರ್ ಸುಳ್ಳು. ನನ್ನ ಮಲ್ಟಿಮೀಟರ್ ಸುಳ್ಳು. ನಾನು ಸುಳ್ಳು. ಲೋಕದಲ್ಲಿ ಸತ್ಯ ಅಂತ ಉಳಿದಿದ್ದು ಇವನೊಬ್ಬನೇ?

ಪಕ್ಕದಲ್ಲಿ ಅದೇ ಮಾದರಿಯ ಹೊಸ ಗಾಡಿ ಡೆಲಿವರಿಗೆ ನಿಂತಿತ್ತು. ಖರೀದಿಗೆ ಬಂದ ಹುಡುಗಿಯೊಬ್ಬಳು ಅಪ್ಪನ ಜೊತೆ ನಿಂತಿದ್ದಳು. "ನಿಮ್ಮ ಗಾಡಿ ಒಂದ್ಸಲ ಅಳೀಲೇನ್ರಿ?" ಅಂತ ಅವಳನ್ನೇ ಕೇಳಿದೆ. "ಅಳೀರಿ ಅಕ್ಕಾ" ಅಂದಳು. ಸೂಪರ್‌ವೈಸರ್ ಅಡ್ಡ ಬಂದ. "ಹಂಗ ಮುಟ್ಟಂಗಿಲ್ರಿ ಮೇಡಂ, ಕಂಪನಿ ರೂಲ್ಸ್ ಅದ." ಹುಡುಗಿಯ ಅಪ್ಪ, ರಾಮಸಮುದ್ರದ ರೈತರು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೇಳಿದರು: "ಗಾಡಿ ನಮ್ದು. ನಾವ್ ಮುಟ್ರಿ ಅಂತೀವಿ."

ಅದೇ ಮಲ್ಟಿಮೀಟರ್. ಅದೇ ವೈರು. ತಿರುವಿದಾಗ 14.2.

ಗೋಡೆಗೆ ನೇತಾಡುತ್ತಿದ್ದ ಅವರದೇ ಮಲ್ಟಿಮೀಟರ್ ಅನ್ನು ನನ್ನ ಗಂಡ ಹೋಗಿ ತೆಗೆದುಕೊಂಡು ಬಂದರು. ನನ್ನ ಬೈಕಿಗೆ ಅದನ್ನೂ ಹಚ್ಚಿದೆ. 15.9.

ಯಾರೂ ನಗಲಿಲ್ಲ.

ಸೂಪರ್‌ವೈಸರ್ ಬಗ್ಗಿ ವೈರು ಮುಟ್ಟಿ ನೋಡಿದ. "ರೆಗ್ಯುಲೇಟರ್ ಹೋಗ್ಯದ ಅನಸ್ತದ" ಅಂದ. ಎಂಜಿನ್ ಕೊಡುವ ಕರೆಂಟನ್ನು ಅಳತೆ ಮೀರದಂತೆ ತಡೆಯುವ ಭಾಗ ಅದು. ಎರಡು ಬೋಲ್ಟು, ಒಂದು ಸಾಕೆಟ್ಟಿನ ಕೆಲಸ. ಮೊದಲ ದಿನವೇ ಅದನ್ನು ಬದಲಿಸಿದ್ದರೆ ಬ್ಯಾಟರಿ ಉಬ್ಬುತ್ತಿರಲಿಲ್ಲ. ಎರಡನೇ ಬಲ್ಬು ಸುಡುತ್ತಿರಲಿಲ್ಲ. ಆಮೇಲೆ ಅವನು ಒಂದು ಮಾತು ಸೇರಿಸಿದ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಮೇಡಂ, ನೀವು ಮೊದ್ಲೇ ಸರಿಯಾಗಿ ಹೇಳಬೇಕಿತ್ರಿ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. ಪ್ಲಾಸ್ಟರ್ ಹಾಕಿದ ಕೈಯನ್ನು ಅವನ ಮೇಜಿನ ಮೇಲೆ ದಪ್ ಅಂತ ಇಟ್ಟರು.

"ಯಪ್ಪಾ, ಇಕಿ ಹೇಳಿದ್ದು ನಿನಗ ಕೇಳಸ್ಲಿಲ್ಲ. ಈ ಕೈ ಹೇಳಿದ್ದು ಕೇಳಸ್ತದೇನು? ಈ ಕೈಲೆ ಹೊಲದ ಕೌದ್ಯಾಗ ನಮ್ಮ ಊರ ಅರ್ಧ ಮಂದಿ ಮಲಗಿ ದೊಡ್ಡವರಾಗ್ಯಾರ. ಇನ್ನ ಸೂಜಿ ಹಿಡಿಲಿಕ್ಕ ಬರ್ತದೋ ಇಲ್ಲೋ, ಡಾಕ್ಟರ್‌ಗೂ ಗೊತ್ತಿಲ್ಲ. ನೀ ಹೇಳು."

ಅವನು ನೆಲ ನೋಡಿದ. "ತಪ್ಪಾತ್ರಿ ಅಮ್ಮಾ" ಅಂದ. ಕಾಟಾಚಾರಕ್ಕಲ್ಲ, ನಿಜವಾಗಿಯೇ ಅಂದ ಅನ್ನಿಸಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಬೇಕು? ಆ ಮಾತು ಹೇಳಿಸಲು ಒಂದು ಮೂಳೆ ಮುರಿಯಬೇಕಿತ್ತೇ?

ಅವತ್ತಿನಿಂದ ನನ್ನ ಕಿವಿ ಸೂಕ್ಷ್ಮವಾಗಿದೆ. ಎಲ್ಲಿ ಹೋದರೂ ಅದೇ ಮಾತು ಕೇಳಿಸುತ್ತದೆ. ನನ್ನ ಕ್ಲಾಸಿನ ಹುಡುಗಿ ತಲೆ ಸುತ್ತುತ್ತದೆ ಅಂದರೆ "ನಾಟಕ". ಬೋರ್‌ವೆಲ್ ನೀರು ಕಹಿಯಾಗಿದೆ ಅಂತ ಹೆಂಗಸರು ಹೇಳಿದರೆ "ನಿಮ್ಮ ನಾಲಿಗಿ ಕೆಟ್ಟದ". ಹೆರಿಗೆ ವಾರ್ಡಿನಲ್ಲಿ ನೋವು ತಡೆಯಲಾಗುತ್ತಿಲ್ಲ ಅಂದವಳಿಗೆ "ಎಲ್ಲಾರಿಗೂ ಆಗ್ತದ, ಸುಮ್ನ ಇರು". ತಲೆ ಸುತ್ತಿದ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಲು ಎಷ್ಟು ಹೊತ್ತು ಬೇಕು? ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸಲು ಯಾರ ಅಪ್ಪಣೆ ಬೇಕು? ಸುಳ್ಳು ಇದ್ದರೂ ಇರಬಹುದು, ಆದರೆ ಅಳೆಯದೆ ಹೇಗೆ ಹೇಳುತ್ತೀರಿ? ಅಳೆಯುವ ಸಾಮಾನು ಗೋಡೆಗೆ ನೇತಾಡುತ್ತಿರುತ್ತದೆ. ಕೈ ಎತ್ತಿ ತೆಗೆದುಕೊಳ್ಳುವುದಿಲ್ಲ. ಹೇಳಿದವರು ಯಾರು ಅಂತ ಮುಖ ನೋಡಿಯೇ ತೀರ್ಪು ಆಗಿಬಿಟ್ಟಿರುತ್ತದೆ.

ಬೈಕ್ ರಿಪೇರಿಯಾಗಿ ಬಂತು. ತಿರುವಿದರೆ ಈಗ 14.3. ನಾನು ನಂಬುವುದಿಲ್ಲ, ಸ್ವಂತ ಮಲ್ಟಿಮೀಟರ್ ಕೊಂಡು ಸೀಟಿನ ಕೆಳಗೇ ಇಟ್ಟುಕೊಂಡಿದ್ದೇನೆ. ಅತ್ತೆಯ ಪ್ಲಾಸ್ಟರ್ ತೆಗೆದರು. ಮೂಳೆ ಕೂಡಿದೆ, ಬೆರಳು ಮಾತ್ರ ಮೊದಲಿನ ಹಾಗೆ ಮಡಚುವುದಿಲ್ಲ. ಮೊನ್ನೆ ಸೂಜಿ ಹಿಡಿದು ಕೂತರು. ಒಂದು ಗೇಣು ಹೊಲಿಗೆ ಹಾಕುವಷ್ಟರಲ್ಲಿ ಸೂಜಿ ಕೈಯಿಂದ ಜಾರಿ ಜಾರಿ ಬಿತ್ತು. ಪ್ರತಿ ಸಲವೂ ಹೆಕ್ಕಿಕೊಂಡರು. ಎತ್ತಿಕೊಡಲು ಹೋದ ನನ್ನನ್ನು ಗದರಿಸಿದರು. ಆ ಹೊಲಿಗೆ ಸೊಟ್ಟಗಿತ್ತು. ಬಿಚ್ಚಿ ಮತ್ತೆ ಶುರು ಮಾಡಿದರು.

ಅದೇ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಕಂಪನಿಯ ಕಾಲ್ ಸೆಂಟರಿನಿಂದ ಒಬ್ಬ ಹುಡುಗಿ. ಬಹಳ ಮೃದು ದನಿ.

"ಮೇಡಂ, ಇತ್ತೀಚೆಗೆ ನಿಮ್ಮ ಬೈಕ್ ಸರ್ವಿಸ್ ಆಗಿದೆ. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ? ಹತ್ತಕ್ಕೆ ಹತ್ತು ಕೊಟ್ರೆ ನಮಗೆ ಸಹಾಯ ಆಗುತ್ತೆ."

"ಸೊನ್ನೆ" ಅಂದೆ.

ಆ ಕಡೆ ಕೀಲಿಮಣೆಯ ಟಕಟಕ ಸದ್ದು. ಮತ್ತೊಮ್ಮೆ ಟಕಟಕ.

"ಸಾರಿ ಮೇಡಂ, ಸಿಸ್ಟಮ್‌ನಲ್ಲಿ ಸೊನ್ನೆ ಇಲ್ಲ. ಒಂದರಿಂದ ಶುರು ಆಗುತ್ತೆ."

ಸೊನ್ನೆಯನ್ನೇ ಇಟ್ಟುಕೊಳ್ಳದವರ ಮುಂದೆ ನಾನು ಇನ್ನು ಯಾವ ಅಳತೆ ಹಿಡಿಯಲಿ, ನೀವೇ ಹೇಳಿ?